ಆಕಾಶದಿಂದ ಇಳಿದ ವೈದ್ಯ

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ರೈತರ ಸಭೆಗಾಗಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರ, ಔಷಧ ಸಿಂಪಡಣೆ ಇವುಗಳ ಮಾತನ್ನೇ ಆಡುವ ಗ್ರಾಮಸೇವಕ ಈ ದಿನ ದಂಡಿನ ಕಥೆ ಹೇಳಲು ನಿಂತಿದ್ದಾನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಾನು ಓದಿದ್ದು ವ್ಯವಸಾಯ, ಬಂದೂಕು ಹಿಡಿದವನಲ್ಲ. ಆದರೆ ನಮ್ಮ ಹಳ್ಳಿಗಳ ಹುಡುಗರು ಸೈನ್ಯಕ್ಕೆ ಸೇರುವ ಮಾತನ್ನು ಆಡುತ್ತಾರೆ. ವಿಮಾನದಿಂದ ಧುಮುಕುವ ಸಿಪಾಯಿಗಳ ಚಿತ್ರ ನೋಡಿ ಅವರ ಕಣ್ಣು ಅರಳುತ್ತದೆ. ಮನೆಯ ಹಿರಿಯರು ಮಾತ್ರ, "ಅದೆಲ್ಲ ಸಾಯೋರ ಕೆಲಸ ಕಣಪ್ಪ" ಎಂದು ಬಿಡುತ್ತಾರೆ. ಇಬ್ಬರಿಗೂ ಸೇರಿ ಒಬ್ಬ ಮನುಷ್ಯನ ಬಾಳನ್ನು ಹೇಳಬೇಕೆಂದಿದ್ದೇನೆ. ಆತ ಆಕಾಶದಿಂದ ಧುಮುಕಿದವರೇ ಸರಿ. ಆದರೆ ಕೊಲ್ಲುವುದಕ್ಕಾಗಿ ಅಲ್ಲ, ಉಳಿಸುವುದಕ್ಕಾಗಿ.

ಅವರ ಹೆಸರು ಆರ್ಕಾಟ್ ಗೋವಿಂದರಾಜ್ ರಂಗರಾಜ್. ನೆರೆಯ ತಮಿಳು ನಾಡಿನ ಕಡೆಯವರು. ಮದರಾಸಿನ ವೈದ್ಯ ಕಾಲೇಜಿನಲ್ಲಿ ಓದಿ ಡಾಕ್ಟರಾದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವೈದ್ಯ ಶಾಖೆಗೆ ಸೇರಿದರು. ಮುಂದೆ ಲೆಫ್ಟಿನೆಂಟ್ ಕರ್ನಲ್ ಆದರು, ಮಹಾವೀರ ಚಕ್ರ ಪಡೆದರು. ನಮ್ಮ ನಂಜನಗೂಡಿನವರಿಗೆ ವೈದ್ಯನ ಮಹಿಮೆಯನ್ನು ಬೇರೆಯವರು ಬಂದು ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾಯಿತೆಂದೂ, ಸುಲ್ತಾನ ನಮ್ಮ ಸ್ವಾಮಿಯನ್ನು ಹಕೀಂ ನಂಜುಂಡ ಎಂದು ಕರೆದನೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ನೊಂದವರ ನಂಜನ್ನು ತಾನು ಉಣ್ಣುವವನೇ ವೈದ್ಯ ಎಂಬ ಭಾವನೆ ಈ ಊರಿನ ಹೆಸರಿನಲ್ಲೇ ಇದೆ.

ಪ್ಯಾರಾಚೂಟು ಎಂದರೇನು?

ಮೊದಲು ಈ ಪ್ಯಾರಾಚೂಟಿನ ವಿಚಾರ ಸ್ವಲ್ಪ ತಿಳಿದುಕೊಳ್ಳೋಣ. ಇದೊಂದು ದೊಡ್ಡ ಬಟ್ಟೆಯ ಕೊಡೆ. ಆಗಿನ ಕೊಡೆಯ ಅಡ್ಡಳತೆ ಸುಮಾರು 28 ಅಡಿ. ಅದನ್ನು ಮಡಿಸಿ, ಚೀಲಕ್ಕೆ ತುಂಬಿ, ಸಿಪಾಯಿಯ ಬೆನ್ನಿಗೆ ಬಿಗಿಯುತ್ತಾರೆ. ಚೀಲದ ಬಾಯಿಗೆ ಕಟ್ಟಿದ ಒಂದು ಪಟ್ಟಿಯ ತುದಿಯನ್ನು ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುತ್ತಾರೆ. ಸಿಪಾಯಿ ಬಾಗಿಲಿನಿಂದ ಹೊರಕ್ಕೆ ಬಿದ್ದೊಡನೆ ಆ ಪಟ್ಟಿ ಚೀಲವನ್ನು ಎಳೆದು ಬಿಚ್ಚುತ್ತದೆ. ಬಟ್ಟೆ ಗಾಳಿ ತುಂಬಿಕೊಂಡು ಅರಳುತ್ತದೆ. ಆಮೇಲೆ ಸೆಕೆಂಡಿಗೆ ಸುಮಾರು 20 ಅಡಿಯಂತೆ ಇಳಿಯುತ್ತಾನೆ. ಎಂಟುನೂರು ಅಡಿ ಎತ್ತರದಿಂದ ಬಿಟ್ಟರೆ ಸುಮಾರು 40 ಸೆಕೆಂಡಿಗೆ ನೆಲ ಸಿಕ್ಕುತ್ತದೆ. ನೆಲಕ್ಕೆ ತಗಲುವ ಪೆಟ್ಟು, ಗಾಳಿಯಿಲ್ಲದ ದಿನದಲ್ಲಿ, ಆಳೆತ್ತರದ ಗೋಡೆಯಿಂದ ಕೆಳಕ್ಕೆ ಹಾರಿದಷ್ಟು. ಗಾಳಿ ಬೀಸುತ್ತಿದ್ದರೆ, ಬೆನ್ನಮೇಲೆ ಹೊರೆಯಿದ್ದರೆ, ಪೆಟ್ಟು ಇನ್ನೂ ಹೆಚ್ಚು. ಕಾಲು, ಮಂಡಿ ಜೋಡಿಸಿಕೊಂಡು ಇಳಿದು, ಇಳಿದೊಡನೆ ಉರುಳಬೇಕು. ಹಾಗೆ ಮಾಡದೆ ನೆಟ್ಟಗೆ ನಿಲ್ಲಲು ಹೋದವನ ಮೂಳೆ ಮುರಿಯುತ್ತದೆ. ಈ ಉರುಳಾಟವನ್ನು ನೆಲದ ಮೇಲೆ ನೂರು ಸಲ ಮಾಡಿಸಿದ ಮೇಲೆಯೇ ವಿಮಾನಕ್ಕೆ ಹತ್ತಿಸುವುದು.

ಈ ಕೊಡೆಗೂ ನಮ್ಮ ಸೀಮೆಗೂ ಒಂದು ನಂಟು ಇದೆ. ಆಗ ಪ್ಯಾರಾಚೂಟಿಗೆ ರೇಷ್ಮೆಯ ಬಟ್ಟೆಯೇ ಶ್ರೇಷ್ಠವೆನ್ನಿಸಿತ್ತು. ಅದು ಹಗುರ, ಗಟ್ಟಿ, ಮಡಿಕೆಯಿಂದ ಥಟ್ಟನೆ ಬಿಚ್ಚಿಕೊಳ್ಳುತ್ತದೆ. ಯುದ್ಧದಲ್ಲಿ ಜಪಾನು ಎದುರು ಪಕ್ಷಕ್ಕೆ ಸೇರಿದ ಮೇಲೆ ಅಲ್ಲಿಯ ರೇಷ್ಮೆ ಬರುವುದು ನಿಂತಿತು. ಆಗ ಮೈಸೂರು ಸೀಮೆಯ ಮತ್ತು ಕೊಳ್ಳೇಗಾಲದ ಕಡೆಯ ರೇಷ್ಮೆಗೆ ಬಹಳ ಬೇಡಿಕೆ ಬಂತು. ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಿದ ರೈತನೂ, ಬಿಸಿನೀರಿನಲ್ಲಿ ಗೂಡು ಹಾಕಿ ನೂಲು ಬಿಚ್ಚಿದ ಹೆಣ್ಣುಮಗಳೂ ಆ ಯುದ್ಧದಲ್ಲಿ ತಮಗೆ ತಿಳಿಯದೆಯೇ ಪಾಲುಗಾರರಾದರು. ಟಿ. ನರಸೀಪುರದಲ್ಲಿ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಣಿಕೆ ಕಾರ್ಖಾನೆ ಇದೆಯಷ್ಟೆ. ಅಲ್ಲಿ ತೆಗೆಯುವ ನೂಲು ಸೀರೆಗೆ ಹೋಗುತ್ತದೆ. ಮುಂದೆ ನೈಲಾನು ಬಂದು ಪ್ಯಾರಾಚೂಟಿನಲ್ಲಿ ರೇಷ್ಮೆಯ ಜಾಗವನ್ನು ಹಿಡಿಯಿತು. ಆದರೂ ಒಂದು ಕಾಲದಲ್ಲಿ ಮನುಷ್ಯನ ಪ್ರಾಣ ರೇಷ್ಮೆಯ ಎಳೆಯ ಮೇಲೆ ತೂಗಿತ್ತೆಂಬುದನ್ನು ರೇಷ್ಮೆ ಬೆಳೆಯುವವರು ಹೆಮ್ಮೆಯಿಂದ ನೆನೆಯಬಹುದು.

ಮೊದಲು ಧುಮುಕಿದವರು

ಭಾರತದಲ್ಲಿ ಪ್ಯಾರಾಚೂಟು ದಂಡು ಹುಟ್ಟಿದ್ದು 1941ರ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ. ಅದರ ಹೆಸರು 50ನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್. ಅದರಲ್ಲಿ ಮೂರು ಪಟಾಲಂಗಳಿದ್ದವು: 151ನೆಯದು ಬ್ರಿಟಿಷರದು, 152ನೆಯದು ಭಾರತೀಯರದು, 153ನೆಯದು ಗೂರ್ಖಾಗಳದು. ಆಗ ಬೇಕಾದಷ್ಟು ವಿಮಾನಗಳೂ ಇರಲಿಲ್ಲ, ಕೊಡೆಗಳೂ ಇರಲಿಲ್ಲ, ಈ ವಿದ್ಯೆ ಬಲ್ಲ ಗುರುಗಳೂ ಕಡಿಮೆ. ಹೊಸ ತಳಿಯ ಭತ್ತವನ್ನು ಊರಿನಲ್ಲಿ ಮೊದಲು ಬಿತ್ತುವವನಿಗೆ ಇರುವ ಅಂಜಿಕೆಯನ್ನು ತಾವು ಬಲ್ಲಿರಿ. ಬೆಳೆ ಕೈಕೊಟ್ಟರೆ ಒಂದು ವರ್ಷದ ಫಸಲು ಹೋದೀತು. ಇಲ್ಲಿ ಕೊಡೆ ಬಿಚ್ಚದಿದ್ದರೆ ಜೀವವೇ ಹೋಯಿತು.

ಹೀಗಿರುವಾಗ ಭಾರತೀಯರಲ್ಲಿ ಮೊದಲು ಧುಮುಕಿದವರು ಇಬ್ಬರು. ಒಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಇನ್ನೊಬ್ಬರು 152ನೆಯ ಪಟಾಲಮ್ಮಿನ ಡಾಕ್ಟರು, ಲೆಫ್ಟಿನೆಂಟ್ ರಂಗರಾಜ್. ಪ್ಯಾರಾಚೂಟಿನಿಂದ ಇಳಿದ ಮೊದಲ ಭಾರತೀಯ ಅಧಿಕಾರಿಯೆಂದು ಸೈನ್ಯದ ಚರಿತ್ರೆಯಲ್ಲಿ ಬರೆದಿರುವುದು ಈ ವೈದ್ಯರ ಹೆಸರನ್ನು.

ಈ ಸಂಗತಿಯನ್ನು ಹಳ್ಳಿಯ ಕಟ್ಟೆಯ ಮೇಲೆ ಹೇಳಿದಾಗ ಹಿರಿಯ ಯಜಮಾನರೊಬ್ಬರು ಕೇಳಿದರು: "ಅಲ್ಲಪ್ಪಾ, ಕೋವಿ ಹಿಡಿದೋನು ಧುಮುಕ್ಲಿ. ಸೂಜಿ ಹಿಡಿಯೋ ಡಾಕ್ಟ್ರಿಗೆ ಯಾಕಪ್ಪ ಈ ಉಸಾಬರಿ? ಅವರು ಆಸ್ಪತ್ರೇಲಿ ಕೂತ್ರೆ ಸಾಲದ?"

ಪ್ರಶ್ನೆ ಸರಿಯಾದದ್ದೇ. ಉತ್ತರ ಹೀಗೆ. ಪ್ಯಾರಾಚೂಟಿನವರನ್ನು ಇಳಿಸುವುದು ದಾರಿಯಿಲ್ಲದ ಕಡೆ, ಶತ್ರುವಿನ ಬೆನ್ನ ಹಿಂದೆ. ಅಲ್ಲಿ ಗಾಯಗೊಂಡವನನ್ನು ಹೊತ್ತು ತರಲು ಗಾಡಿಯಿಲ್ಲ, ರಸ್ತೆಯಿಲ್ಲ. ರಕ್ತ ಸೋರುತ್ತಿರುವವನು ಆಸ್ಪತ್ರೆ ಹುಡುಕಿಕೊಂಡು ಬರಲಾರ. ಆದ್ದರಿಂದ ಆಸ್ಪತ್ರೆಯೇ ಅವನ ಬಳಿಗೆ ಹೋಗಬೇಕು. ಡಾಕ್ಟರು ಧುಮುಕಬೇಕು, ಅವರ ಸಹಾಯಕರು ಧುಮುಕಬೇಕು, ಕತ್ತರಿ, ಪಟ್ಟಿ, ಔಷಧದ ಪೆಟ್ಟಿಗೆಗಳೂ ಕೊಡೆ ಕಟ್ಟಿಕೊಂಡು ಇಳಿಯಬೇಕು. ರಂಗರಾಜ್ ಅವರ ಬಾಳಿನುದ್ದಕ್ಕೂ ಕಾಣುವ ತತ್ವ ಇದೊಂದೇ: ಕಷ್ಟ ಎಲ್ಲಿದೆಯೋ ಅಲ್ಲಿಗೆ ನಾವು ಹೋಗಬೇಕು.

ಸಾಂಗ್‌ಶಾಕ್ ಬೆಟ್ಟದ ಮೇಲೆ

1944ರ ಮಾರ್ಚಿಯಲ್ಲಿ ಜಪಾನೀ ಸೈನ್ಯ ಬರ್ಮಾದಿಂದ ಭಾರತದ ಗಡಿಯೊಳಕ್ಕೆ ನುಗ್ಗಿತು. ಮಣಿಪುರದ ಇಂಫಾಲ, ನಾಗಾ ಬೆಟ್ಟಗಳ ಕೊಹಿಮಾ, ಇವೆರಡನ್ನೂ ಹಿಡಿಯುವುದು ಅವರ ಹಂಚಿಕೆ. ಆ ದಾರಿಯಲ್ಲಿ ಉಕ್ರೂಲಿನ ಹತ್ತಿರ ಸಾಂಗ್‌ಶಾಕ್ ಎಂಬ ಬೆಟ್ಟದ ಹಳ್ಳಿಯಿದೆ. 50ನೆಯ ಪ್ಯಾರಾಚೂಟ್ ಬ್ರಿಗೇಡು ಅವರಿಗೆ ಅಡ್ಡವಾಗಿ ನಿಂತದ್ದು ಆ ಸೀಮೆಯಲ್ಲಿ. 153ನೆಯ ಗೂರ್ಖಾ ಪಟಾಲಮ್ಮೂ, ರಂಗರಾಜ್ ಅವರ 152ನೆಯ ಪಟಾಲಮ್ಮೂ ಅಲ್ಲಿ ಕಾದಿದವು. ಆಕಾಶದಿಂದ ಧುಮುಕುವುದನ್ನು ಕಲಿತವರು ಅಲ್ಲಿ ಕಾಲುನಡಿಗೆಯವರಾಗಿಯೇ ಕಾದಬೇಕಾಯಿತು.

ಆ ನೆಲ ಎಂಥದೆಂಬುದು ರೈತರಿಗೆ ಬೇಗ ತಿಳಿಯುತ್ತದೆ. ಮೂರು ಅಡಿ ಅಗೆದರೆ ಬಂಡೆ. ಮರೆಗೆಂದು ಹಳ್ಳ ತೋಡಿದರೆ ಸೊಂಟದವರೆಗೆ ಮಾತ್ರ ಮರೆ. ಸುತ್ತ ಕಟ್ಟಲು ಮುಳ್ಳುತಂತಿಯಿಲ್ಲ. ನೀರು ಸಾಲದು. ವಿಮಾನಗಳು ನೀರು, ಅನ್ನ, ಮದ್ದುಗುಂಡುಗಳನ್ನು ಕೊಡೆ ಕಟ್ಟಿ ಎಸೆದವು. ಆದರೆ ನಿಂತ ಜಾಗ ಬಹಳ ಚಿಕ್ಕದು. ಎಸೆದದ್ದರಲ್ಲಿ ಬಹುಪಾಲು ಗಾಳಿಗೆ ತೇಲಿ ಶತ್ರುವಿನ ಕಡೆಗೆ ಬಿತ್ತು. ಬಾಯಾರಿದವನ ಕಣ್ಣೆದುರಿಗೆ ನೀರಿನ ಪೀಪಾಯಿ ಎದುರಾಳಿಯ ಕೈಗೆ ಸಿಕ್ಕುವುದನ್ನು ನೋಡುತ್ತ ಕೂರುವುದು ಎಂಥ ಸಂಕಟ!

ಹೀಗೆ ಮಾರ್ಚಿ 26ರ ರಾತ್ರಿಯವರೆಗೆ ಅವರು ಆ ಗುಡ್ಡವನ್ನು ಬಿಡಲಿಲ್ಲ. ಆಮೇಲೆ ಅಪ್ಪಣೆ ಬಂದು, ಕತ್ತಲಿನಲ್ಲಿ ಕಾಡು ಹಿಡಿದು ಇಂಫಾಲದ ಕಡೆಗೆ ಹೊರಟರು. ಬ್ರಿಗೇಡಿನ ನೂರಾರು ಜನ ಸತ್ತರು ಇಲ್ಲವೆ ಗಾಯಗೊಂಡರು. ಮೇಲೆ ನೋಡಿದರೆ ಇದು ಸೋಲು, ಜಾಗ ಕೈಬಿಟ್ಟಿತು. ಆದರೆ ಆ ಕೆಲವು ದಿನಗಳು ಜಪಾನೀಯರನ್ನು ತಡೆದು ನಿಲ್ಲಿಸಿದ್ದರಿಂದಲೇ ಕೊಹಿಮಾಕ್ಕೂ ಇಂಫಾಲಕ್ಕೂ ದಂಡು ತರಿಸಲು ಬಿಡುವು ದೊರೆಯಿತು. ಆ ವರ್ಷದ ಮಳೆಗಾಲದ ಹೊತ್ತಿಗೆ ಜಪಾನೀ ಸೈನ್ಯ ಮುರಿದು ಹಿಂದಿರುಗಿತು. ಕೆರೆಯ ಏರಿ ಬಿರಿದ ರಾತ್ರಿ ಮರಳು ಮೂಟೆ ಹಿಡಿದು ಬೆಳಗಾಗುವವರೆಗೆ ನಿಂತವನನ್ನು ಸುಗ್ಗಿಯ ದಿನ ಯಾರು ನೆನೆಯುತ್ತಾರೆ? ಆದರೆ ಅವನು ನಿಲ್ಲದಿದ್ದರೆ ಸುಗ್ಗಿಯೇ ಇರುತ್ತಿರಲಿಲ್ಲ.

ದೂರದ ಕೊರಿಯಾಕ್ಕೆ

ಸ್ವಾತಂತ್ರ್ಯ ಬಂತು. ರಂಗರಾಜ್ ಅವರು ನಮ್ಮ ಸೈನ್ಯದಲ್ಲಿಯೇ ಉಳಿದು 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯ ತುಕಡಿಗೆ ಮುಖ್ಯಸ್ಥರಾದರು. ಇದು ಯುದ್ಧಭೂಮಿಗೆ ಸಂಚಾರಿ ಆಸ್ಪತ್ರೆ. ಇದರಲ್ಲಿ ಡಾಕ್ಟರುಗಳು, ಶುಶ್ರೂಷೆಯವರು, ಅಡಿಗೆಯವರು, ಚಾಲಕರು ಎಲ್ಲರೂ ಇದ್ದರು.

1950ರ ಜೂನ್ 25ರಂದು ಕೊರಿಯಾ ದೇಶದಲ್ಲಿ ಯುದ್ಧ ಹೊತ್ತಿಕೊಂಡಿತು. ಉತ್ತರ ಕೊರಿಯಾದ ದಂಡು ದಕ್ಷಿಣದ ಮೇಲೆ ನುಗ್ಗಿತು. ವಿಶ್ವಸಂಸ್ಥೆ ದಕ್ಷಿಣಕ್ಕೆ ನೆರವಾಗಿರೆಂದು ಎಲ್ಲ ರಾಷ್ಟ್ರಗಳನ್ನು ಕೇಳಿತು. ಹಲವು ದೇಶಗಳು ಕಾಳಗಕ್ಕೆ ಸೈನ್ಯ ಕಳಿಸಿದವು. ಪಂಡಿತ ಜವಾಹರಲಾಲ್ ನೆಹರೂ ಅವರು ಪ್ರಧಾನಿಯಾಗಿದ್ದ ನಮ್ಮ ಸರ್ಕಾರ, ನಾವು ಯಾವ ಬಣಕ್ಕೂ ಸೇರಿದವರಲ್ಲ, ಆದರೆ ನೊಂದವರಿಗೆ ನೆರವಾಗುತ್ತೇವೆ ಎಂದು ತೀರ್ಮಾನಿಸಿ, ಕೋವಿಯ ಬದಲು ಔಷಧ ಕಳಿಸಿತು. ಕರ್ನಲ್ ರಂಗರಾಜ್ ಮುನ್ನೂರಕ್ಕೂ ಮಿಕ್ಕ ತಮ್ಮ ಜನರೊಡನೆ 1950ರ ನವೆಂಬರ್ 20ರಂದು ಕೊರಿಯಾದ ಪುಸಾನ್ ಬಂದರಿನಲ್ಲಿ ಇಳಿದರು. ತಿಂಗಳುಗಟ್ಟಲೆ ಸಾಲುವಷ್ಟು ಔಷಧ ಸಾಮಗ್ರಿಯನ್ನು ಅವರು ಜೊತೆಯಲ್ಲೇ ಕೊಂಡೊಯ್ದಿದ್ದರು.

ಅದು ಚಳಿಗಾಲದ ಆರಂಭ. ನದಿಗಳೇ ಹೆಪ್ಪುಗಟ್ಟುವ ಚಳಿ. ಅವರು ಉತ್ತರದ ರಾಜಧಾನಿ ಪ್ಯೊಂಗ್ಯಾಂಗ್ ಮುಟ್ಟುವ ಹೊತ್ತಿಗೆ ಯುದ್ಧ ತಿರುಗಿತ್ತು. ಚೀನಾದ ದೊಡ್ಡ ಸೈನ್ಯ ಉತ್ತರದ ಪರವಾಗಿ ಇಳಿದು ಬಂದಿತ್ತು. ಡಿಸೆಂಬರಿನ ಮೊದಲ ವಾರದಲ್ಲಿ ಎಲ್ಲರಿಗೂ ಹಿಂದಕ್ಕೆ ಸರಿಯಬೇಕೆಂದು ಅಪ್ಪಣೆಯಾಯಿತು. ಆದರೆ ನಮ್ಮ ತುಕಡಿಯ ಸಾಮಾನು ಸಾಗಿಸುವಷ್ಟು ಲಾರಿಗಳಿರಲಿಲ್ಲ. ಇಂಥ ವೇಳೆಯಲ್ಲಿ ಸಾಮಾನಿಗೆ ಬೆಂಕಿಯಿಟ್ಟು ಜನ ಮಾತ್ರ ಹೊರಡುವುದು ವಾಡಿಕೆ. ಕರ್ನಲ್ ರಂಗರಾಜ್ ಅದಕ್ಕೆ ಒಪ್ಪಲಿಲ್ಲ. ಔಷಧವಿಲ್ಲದ ವೈದ್ಯ, ಬೀಜವಿಲ್ಲದ ಬೇಸಾಯಗಾರ ಇಬ್ಬರೂ ಒಂದೇ ಅಲ್ಲವೆ? ಬರಿಗೈಲಿ ಹೋದರೆ ನಾಳೆ ಗಾಯಾಳುಗಳಿಗೆ ಏನು ಮಾಡುವುದು?

ಹುಡುಕಿದಾಗ ರೈಲು ನಿಲ್ದಾಣದಲ್ಲಿ ಬಿಟ್ಟುಹೋಗಿದ್ದ ಒಂದು ಹಳೆಯ ಉಗಿ ಎಂಜಿನ್ನೂ ಕೆಲವು ಬಂಡಿಗಳೂ ಸಿಕ್ಕಿದವು. ಎಂಜಿನ್ನಿನ ಕೆಲಸ ಬಲ್ಲ ಒಬ್ಬಿಬ್ಬರು ಸಿಪಾಯಿಗಳು ತುಕಡಿಯಲ್ಲಿದ್ದರು. ಬಾಯ್ಲರಿಗೆ ನೀರು ಬೇಕು, ತುಂಬಲು ಕೊಳಾಯಿಯಿಲ್ಲ. ಎಲ್ಲರೂ ಸಾಲಾಗಿ ನಿಂತು ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ನೀರು ತುಂಬಿದರು. ಬೆಂಕಿ ಹೊತ್ತಿಸಿದರು. ಗಾಯಾಳುಗಳನ್ನೂ ಸಾಮಾನನ್ನೂ ಬಂಡಿಗೆ ತುಂಬಿದರು. ರೈಲು ಹೊರಟಿತು. ಅದು ತೆದೊಂಗ್ ನದಿಯ ಸೇತುವೆಯನ್ನು ದಾಟಿದ ಸ್ವಲ್ಪ ಹೊತ್ತಿಗೇ, ಶತ್ರುವಿಗೆ ಅನುಕೂಲವಾಗಬಾರದೆಂದು ಆ ಸೇತುವೆಯನ್ನು ಸಿಡಿಸಲಾಯಿತು.

ಬಾಂಧವರೆ, ಈ ಘಟನೆಯಲ್ಲಿ ಧುಮುಕುವುದೂ ಇಲ್ಲ, ಕಾಳಗವೂ ಇಲ್ಲ. ಆದರೂ ಇದನ್ನು ಕೊರಿಯಾದ ಕಥೆ ಬಲ್ಲವರೆಲ್ಲ ಮೊದಲು ಹೇಳುತ್ತಾರೆ. ಏಕೆ? ಮೇಲಿನಿಂದ ಸಾಮಗ್ರಿ ಬರಲಿಲ್ಲವೆಂದು ಕೈಕಟ್ಟಿ ಕೂರಲಿಲ್ಲ. ಇದ್ದವರಲ್ಲಿಯೇ ಯಾರಿಗೆ ಏನು ಬರುತ್ತದೆಂದು ಕೇಳಿದರು. ಬಕೆಟ್ಟಿನ ಸಾಲಿನಲ್ಲಿ ಡಾಕ್ಟರು, ಅಡಿಗೆಯವನು ಎಂಬ ಭೇದವಿರಲಿಲ್ಲ. ನಮ್ಮ ಹಿರಿಯರು ಮುಯ್ಯಾಳು ಕಟ್ಟಿ ನಾಟಿ ಮುಗಿಸುತ್ತಿದ್ದುದು ಇದೇ ರೀತಿಯಲ್ಲಿ. ನಾಲೆಯ ಹೂಳು ತೆಗೆಯಲು ಇಲಾಖೆಯವರ ದಾರಿಯನ್ನೇ ಕಾಯುತ್ತ ಬೆಳೆ ಒಣಗಿಸಿಕೊಳ್ಳುವ ಊರು ಈ ಬಕೆಟ್ಟಿನ ಸಾಲನ್ನು ಒಮ್ಮೆ ನೆನೆಯಬೇಕು.

ಮುನ್‌ಸಾನ್ ಬಯಲಿಗೆ ಧುಮುಕಿದ್ದು

ಆಮೇಲೆ ತುಕಡಿ ಎರಡು ಪಾಲಾಯಿತು. ಒಂದು ಪಾಲು ರಂಗರಾಜ್ ಅವರೊಡನೆ ಯುದ್ಧದ ಮುಂಚೂಣಿಯಲ್ಲಿ ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ಕಾಮನ್‌ವೆಲ್ತ್ ದೇಶಗಳ ಬ್ರಿಗೇಡಿಗೆ ಸೇವೆ ಮಾಡಿತು. ಇನ್ನೊಂದು ಪಾಲು ತೆಗು ಎಂಬ ಊರಿನಲ್ಲಿ ನಿಂತು ಕೊರಿಯಾದ ಸಿಪಾಯಿಗಳಿಗೂ ಊರಿನ ಜನರಿಗೂ ಚಿಕಿತ್ಸೆ ಮಾಡಿತು, ಅಲ್ಲಿಯವರಿಗೆ ಶುಶ್ರೂಷೆಯ ಕೆಲಸವನ್ನು ಕಲಿಸಿತು.

1951ರ ಮಾರ್ಚಿ 23ರಂದು ಅಮೆರಿಕದ 187ನೆಯ ವಾಯುದಳದ ಮೂರು ಸಾವಿರಕ್ಕೂ ಹೆಚ್ಚು ಸಿಪಾಯಿಗಳು ಸಿಯೋಲ್ ನಗರದ ವಾಯವ್ಯಕ್ಕಿರುವ ಮುನ್‌ಸಾನ್ ಎಂಬಲ್ಲಿ ಶತ್ರುವಿನ ಹಿಂದೆ ಧುಮುಕಿದರು. ಅವರೊಡನೆ ಕರ್ನಲ್ ರಂಗರಾಜ್ ಮತ್ತು ಅವರ ತುಕಡಿಯವರೂ ಧುಮುಕಿದರು. ಭಾರತೀಯರು ಎಲ್ಲ ಸೇರಿ 12 ಜನ. ಮೂರು ಸಾವಿರದ ನಡುವೆ ಹನ್ನೆರಡು ಎಂದರೆ ರಾಶಿ ರಾಗಿಯಲ್ಲಿ ಒಂದು ಹಿಡಿಯಷ್ಟು. ಆದರೆ ಆ ದಿನ ಗಾಯಗೊಂಡವನಿಗೆ ಆ ಹನ್ನೆರಡು ಜನರೇ ದೇವರು. ಇಳಿದ ಜಾಗದಲ್ಲಿಯೇ, ಗುಂಡಿನ ಸದ್ದಿನ ನಡುವೆಯೇ ಚಿಕಿತ್ಸೆಯ ಠಾಣೆ ತೆರೆದರು, ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ರಸ್ತೆಯ ಮೇಲಿಂದ ಬಂದ ಟ್ಯಾಂಕು ದಳ ಅವರನ್ನು ಕೂಡಿಕೊಳ್ಳುವವರೆಗೆ ಹೊರಗಿನ ಆಸರೆ ಅವರಿಗೆ ಕಡಿಮೆ.

ಆಗ ರಂಗರಾಜ್ ಅವರು ಧುಮುಕುವುದನ್ನು ಕಲಿತು ಸುಮಾರು ಹತ್ತು ವರ್ಷವಾಗಿತ್ತು. ಯುವಕ ಮಿತ್ರರು ಇದನ್ನು ಗಮನಿಸಬೇಕು. ಮಹಾಯುದ್ಧದ ಕಾಲದಲ್ಲಿ ಕಲಿತ ವಿದ್ಯೆ ಸಾಂಗ್‌ಶಾಕಿನಲ್ಲಿ ಉಪಯೋಗಕ್ಕೆ ಬರಲಿಲ್ಲ. ಆದರೂ ಅದನ್ನು ತುಕ್ಕು ಹಿಡಿಯಲು ಬಿಡಲಿಲ್ಲ. ವಿದ್ಯೆಯ ಹಂಗಾಮು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಬಂದ ದಿನ ಕುಂಟೆ, ಕೂರಿಗೆ ಸಿದ್ಧವಾಗಿರಬೇಕು, ಅಷ್ಟೆ.

60ನೆಯ ತುಕಡಿ 1954ರವರೆಗೂ ಕೊರಿಯಾದಲ್ಲಿತ್ತು. ಕೆಂಗಂದು ಬಣ್ಣದ ಟೋಪಿ ಧರಿಸುತ್ತಿದ್ದ ಇವರನ್ನು ಅಲ್ಲಿಯ ಜನ ಕೆಂಗಂದು ಟೋಪಿಯ ದೇವದೂತರೆಂದು ಕರೆದರು. ಎರಡು ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಮಾಡಿದರೆಂದೂ, ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ನಡೆಸಿದರೆಂದೂ ಲೆಕ್ಕ ಹೇಳುತ್ತಾರೆ. ತುಕಡಿಯ ಕೆಲವರು ಅಲ್ಲಿಯೇ ಪ್ರಾಣ ಕೊಟ್ಟರು. 1955ರ ಮಾರ್ಚಿಯಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಆಗ್ರಾದಲ್ಲಿ ಈ ತುಕಡಿಗೆ ವಿಶೇಷ ಪಾರಿತೋಷಕ ನೀಡಿದರು. ಕರ್ನಲ್ ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು. ಶತ್ರುವನ್ನು ಕೊಂದದ್ದಕ್ಕಲ್ಲ, ಗಾಯಾಳುಗಳನ್ನು ಉಳಿಸಿದ್ದಕ್ಕೆ ಬಂದ ಮಹಾವೀರ ಚಕ್ರ ಅದು. ಎಷ್ಟೋ ವರ್ಷಗಳ ಮೇಲೆ, 2020ರಲ್ಲಿ, ದಕ್ಷಿಣ ಕೊರಿಯಾದ ಸರ್ಕಾರವೂ ಅವರನ್ನು ತಮ್ಮ ಯುದ್ಧವೀರರ ಸಾಲಿನಲ್ಲಿ ನೆನೆದು ಗೌರವಿಸಿತು.

ಕೊರಿಯಾದ ಮಾತು ಬಂದಾಗ ನಮ್ಮ ನಾಡಿನ ಇನ್ನೊಬ್ಬರನ್ನು ಮರೆಯಬಾರದು. 1953ರಲ್ಲಿ ಕದನ ನಿಂತ ಮೇಲೆ, ಮನೆಗೆ ಹೋಗಲು ಒಪ್ಪದ ಯುದ್ಧಕೈದಿಗಳ ವಿಚಾರ ನೋಡಲು ತಟಸ್ಥ ರಾಷ್ಟ್ರಗಳ ಆಯೋಗ ನೇಮಕವಾಯಿತು. ಅದರ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಹೋದ ಭಾರತದ ದಂಡಿನೊಡನೆ 60ನೆಯ ವೈದ್ಯ ತುಕಡಿಯೂ ದುಡಿಯಿತು. ಎರಡು ಬಣಗಳ ಸಿಟ್ಟಿನ ನಡುವೆ ನಿಂತು ನ್ಯಾಯ ನಡೆಸುವುದು ಎಷ್ಟು ಕಷ್ಟವೆಂಬುದನ್ನು ಊರಿನ ಪಂಚಾಯಿತಿ ಮಾಡಿದವರು ಬಲ್ಲರು.

ಕೊನೆಯ ಯುದ್ಧ

ಸೈನ್ಯದಿಂದ ಬಿಡುಗಡೆಯಾದ ಮೇಲೆ ಇಂಥವರು ಪೆನ್ಷನ್ ಪಡೆದು ಸುಖವಾಗಿ ಕೂತರೆ ಯಾರೂ ಬೇಡವೆನ್ನುವುದಿಲ್ಲ. ಡಾಕ್ಟರ್ ರಂಗರಾಜ್ ಕೂರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿ, 1960ರ ದಶಕದ ಕೊನೆಗೆ ಆಫ್ಘಾನಿಸ್ತಾನಕ್ಕೆ ಹೋದರು. ಅಲ್ಲಿ ಅವರ ಶತ್ರು ಸಿಡುಬು.

ಸಿಡುಬು ಎಂದರೆ ಇಂದಿನ ಮಕ್ಕಳಿಗೆ ತಿಳಿಯದು. ಹಿರಿಯರಿಗೆ ತಿಳಿದಿದೆ. "ಅಮ್ಮ ಬಂದಿದ್ದಾಳೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಉಳಿದವರಲ್ಲಿ ಕೆಲವರ ಕಣ್ಣು ಹೋಯಿತು, ಬಹುಮಂದಿಯ ಮುಖದ ಮೇಲೆ ಕಲೆ ನಿಂತಿತು. ಆಫ್ಘಾನಿಸ್ತಾನದ ಬೆಟ್ಟದ ಹಳ್ಳಿಗಳಿಗೆ ರಸ್ತೆಯಿಲ್ಲ. ಹೆಂಗಸರು ಹೊರಗಿನ ಗಂಡಸರ ಎದುರಿಗೆ ಬರುವುದಿಲ್ಲ. ಅಂಥಲ್ಲಿ ದೇವಿ ಹಾಕುವವರು ಕಾಲುನಡಿಗೆಯಲ್ಲಿ ಮನೆಮನೆಗೆ ಹೋಗಬೇಕಾಯಿತು. ಇಕ್ಕವಲಿನ ಒಂದು ಚಿಕ್ಕ ಸೂಜಿ, ಒಂದು ತೊಟ್ಟು ಔಷಧ, ತೋಳಿನ ಮೇಲೆ ಹದಿನೈದು ಸಲ ಚುಚ್ಚುವುದು, ಆಯುಧ ಇಷ್ಟೇ. 1972ರ ಹೊತ್ತಿಗೆ ಆ ದೇಶದಲ್ಲಿ ಸಿಡುಬು ತಾನಾಗಿ ಹರಡುವುದು ನಿಂತಿತು. ನಮ್ಮ ಭಾರತದಲ್ಲಿ ಕೊನೆಯ ಸಿಡುಬಿನ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಇಡೀ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಮನುಷ್ಯಕುಲ ಬೇರುಸಹಿತ ಕಿತ್ತ ಮನುಷ್ಯರ ರೋಗ ಇಂದಿನವರೆಗೆ ಇದೊಂದೇ.

ಈ ಗೆಲುವಿನ ಗುಟ್ಟೇನು? ಔಷಧ ಒಂದೇ ಅಲ್ಲ. ಎಲ್ಲಿ ಒಬ್ಬನಿಗೆ ರೋಗ ಕಂಡರೂ ಅದನ್ನು ಬಚ್ಚಿಡದೆ ಕೂಡಲೇ ತಿಳಿಸುವುದು, ತಿಳಿದೊಡನೆ ಆ ಮನೆಯ ಸುತ್ತಲಿನವರಿಗೆಲ್ಲ ದೇವಿ ಹಾಕಿ ರೋಗಕ್ಕೆ ಬೇಲಿ ಕಟ್ಟುವುದು. ಡಾಕ್ಟರು ಆಕಾಶದಿಂದ ಧುಮುಕಲು ಸಿದ್ಧ. ಆದರೆ ಎಲ್ಲಿಗೆ ಧುಮುಕಬೇಕೆಂದು ಹೇಳಬೇಕಾದವರು ನಾವು.

ಇಲ್ಲಿ ನನ್ನ ಕಸುಬಿನ ಮಾತು ಒಂದನ್ನು ಸೇರಿಸುತ್ತೇನೆ; ತಾವು ಬೇಸರ ಪಡಬಾರದು. ನಮ್ಮ ದನಕರುಗಳಿಗೆ ಬರುವ ಕಾಲುಬಾಯಿ ಜ್ವರವೂ ಹೀಗೆಯೇ ಹಬ್ಬುವ ರೋಗ. ಅದಕ್ಕೆ ಪಶು ಆಸ್ಪತ್ರೆಯವರು ಉಚಿತವಾಗಿ ಲಸಿಕೆ ಹಾಕುತ್ತಾರೆ. ಅವರು ಬರುವ ಸುದ್ದಿ ತಿಳಿದೊಡನೆ ಹಸುವನ್ನು ತೋಟಕ್ಕೆ ಹೊಡೆದು, "ಮನೇಲಿ ದನ ಇಲ್ಲ" ಎನ್ನುವವರು ಇದ್ದಾರೆ. ಎರಡು ಮೂರು ದಿನ ಹಾಲು ಕಡಿಮೆಯಾದೀತೆಂಬ ಭಯ. ಹಾಲು ಮಾರಿ ಮನೆ ನಡೆಸುವ ತಾಯಿಗೆ ಆ ಭಯ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಲಸಿಕೆಯಿಲ್ಲದ ಒಂದು ಹಸು ಬೇಲಿಯಲ್ಲಿ ಬಿಟ್ಟ ಒಂದು ಕಂಡಿಯಿದ್ದ ಹಾಗೆ. ರೋಗ ಒಳಕ್ಕೆ ಬಂದರೆ ಹೋಗುವುದು ಮೂರು ದಿನದ ಹಾಲಲ್ಲ, ಇಡೀ ಬೀದಿಯ ಹಾಲು. ಕೆಲವರ ಕರುವೂ ಹೋದೀತು. ಹಾಗೆಯೇ ವಾರಗಟ್ಟಲೆ ಕೆಮ್ಮುವವರನ್ನು ಮನೆಯ ಒಳಕೋಣೆಯಲ್ಲಿ ಮುಚ್ಚಿಡುವುದು. ಕ್ಷಯ ಈಗ ವಾಸಿಯಾಗುವ ರೋಗ. ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟರೆ ಆ ಮಗಳಿಗೇ ಅಂಟೀತು. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೂ ಮಾತ್ರೆಗೂ ಕಾಸು ಕೊಡಬೇಕಾಗಿಲ್ಲ.

ಸೈನ್ಯಕ್ಕೆ ಸೇರಬೇಕೆಂಬ ಯುವಕರಿಗೆ ಒಂದು ಮಾತು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲಿಯೇ ಇದೆ. ಅಲ್ಲಿಗೆ ಹೋಗುವ ಆಸೆಯಿದ್ದರೆ ಒಳ್ಳೆಯದೇ. ಆದರೆ ಬರಿಯ ಮೀಸೆ, ಬರಿಯ ಎದೆಗಾರಿಕೆ ಸಾಲದು. ಓದಿ, ದಿನವೂ ಓಡಿ, ಒಂದು ಕಸುಬನ್ನು ಕೈಯಲ್ಲಿ ಇಟ್ಟುಕೊಳ್ಳಿ. ಪ್ಯೊಂಗ್ಯಾಂಗಿನಲ್ಲಿ ಇಡೀ ತುಕಡಿಯನ್ನು ಕಾಪಾಡಿದ್ದು ಎಂಜಿನ್ನು ನಡೆಸಲು ಬಲ್ಲ ಒಬ್ಬಿಬ್ಬರ ಕೈಗುಣ. ಹೆಣ್ಣುಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಸೈನ್ಯದ ವೈದ್ಯ ಶಾಖೆಯಲ್ಲಿ ಡಾಕ್ಟರಾಗಿ, ದಾದಿಯರಾಗಿ ಸೇರಲು ಅವರಿಗೂ ಬಾಗಿಲು ತೆರೆದಿದೆ. ಸೈನ್ಯಕ್ಕೆ ಹೋಗದೆ ಹೊಲದಲ್ಲಿಯೇ ನಿಲ್ಲುವವರು ತಾವೇನೋ ಕಡಿಮೆಯೆಂದು ತಿಳಿಯಬೇಕಾಗಿಲ್ಲ. ನೆರೆಯವನ ಮನೆಯಲ್ಲಿ ರಾತ್ರಿ ಹೊತ್ತು ಹೆರಿಗೆಯ ನೋವು ಕಂಡರೆ ಎದ್ದು ಗಾಡಿ ಕಟ್ಟುವವನು, ಹಾವು ಕಡಿದವನನ್ನು ಮಂತ್ರಕ್ಕೆ ಕೂರಿಸದೆ ಆಸ್ಪತ್ರೆಗೆ ಮುಟ್ಟಿಸುವವನು, ಇವರೂ ಆ ಹನ್ನೆರಡು ಜನರ ಜಾತಿಗೆ ಸೇರಿದವರೇ.

"ಸಾಯೋರ ಕೆಲಸ" ಎಂದು ಹೇಳುವ ಹಿರಿಯರಿಗೆ ನನ್ನ ವಿನಯಪೂರ್ವಕ ಉತ್ತರ ಇಷ್ಟೆ. ಸಾವು ಎಲ್ಲ ಕೆಲಸದಲ್ಲಿಯೂ ಉಂಟು. ಆದರೆ ಸಾಯುವವನ ಬಳಿಗೆ ಓಡಿಹೋಗಿ ಅವನನ್ನು ಬದುಕಿಸುವುದನ್ನೇ ಕೆಲಸ ಮಾಡಿಕೊಂಡವರೂ ಅದೇ ದಂಡಿನಲ್ಲಿದ್ದರು. ನಮ್ಮ ಮಕ್ಕಳು ಅಂಥವರಾಗಲೆಂದು ಹರಸಿ. ಬರುವ ಲಸಿಕೆಯ ದಿನ ದನಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿರಿ.